ನೆಪ್ಚೂನ್‌ಗೆ ನಾಲ್ಕು ತಾಸು ಹತ್ತು ನಿಮಿಷ

"ನಿಲ್ಲಿ... ನಿಲ್ಲಿ ಮಾರಾಯ್ರೆ! ನಿಮ್ಮ ಚಕ್ರದ ಕೆಳಗೆ ಯುರೇನಸ್ ಉಂಟು!"

ಶರ್ವರಿ ಬ್ರೇಕ್ ಒತ್ತಿದ ರಭಸಕ್ಕೆ ಸ್ಕೂಟಿ ನಿಂತಿತು. ಅವಳ ಜೀವ ಮಾತ್ರ ಒಂದಡಿ ಮುಂದೆ ಹೋಗಿ ವಾಪಸ್ ಬಂತು.

ಭಾನುವಾರ ಬೆಳಿಗ್ಗೆ ಏಳೂವರೆ. ತೆಲುಗು ಶಹರದ ನಡುವಿನ ನಾರಾಯಣಗೂಡದ ಮುಖ್ಯರಸ್ತೆ ಇನ್ನೂ ಆಕಳಿಸುತ್ತಿತ್ತು. ರಸ್ತೆಯಂಚಿನಲ್ಲಿ ಒಬ್ಬ ಯುವಕ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಕೈಯಲ್ಲಿ ಅಳತೆಯ ಟೇಪು, ಇನ್ನೊಂದರಲ್ಲಿ ಸೀಮೆಸುಣ್ಣ. ಮುಖದಲ್ಲಿ, ಇವಳು ಈಗಷ್ಟೇ ಒಂದು ಗ್ರಹದ ಪ್ರಾಣ ತೆಗೆದಳು ಎಂಬಂಥ ಗಾಬರಿ.

"ಯುರೇನಸ್ಸಾ?" ಹೆಲ್ಮೆಟ್ ತೆಗೆದು ಕೇಳಿದಳು. "ಯುರೇನಸ್ಸಿಗೆ ಇಲ್ಲೇನ್ ಕೆಲಸ್ರಿ? ಅದು ನಮ್ಮ ಗಲ್ಲಿಯೊಳಗ, ಕಿರಾಣಿ ಅಂಗಡಿ ಮುಂದ ಇರಬೇಕಲ್ಲ!"

ಯುವಕ ಎದ್ದು ನಿಂತ. ಎತ್ತರದ ಆಳು, ಮಂಡಿಯ ತುಂಬ ಧೂಳು. ಮಾತಿಗೆ ಮುಂಚೆ ಒಂದು ಕ್ಷಣ ಸುಮ್ಮನಾದ. ಯಾರಿಗೋ ದಾರಿ ಬಿಟ್ಟುಕೊಡುವವನ ಹಾಗೆ.

"ಪಟ್ಟಿಯಲ್ಲಿ... ಹೀಗೇ ಉಂಟಲ್ಲ. ನೆಪ್ಚೂನ್ ಇನ್ನೂ ಆಚೆ. ಫ್ಲೈಓವರ್ ದಾಟಿ."

"ಫ್ಲೈಓವರ್ ದಾಟಿ! ಹಿಂಗ ಬಿಟ್ರ ಅದು ಕೋಠಿ ಬಸ್ ಹತ್ತಿ ಹೋಗತೈತಿ! ಯಾರ್ ಮಾಡಿದ್ರಿ ಈ ಲೆಕ್ಕ?"

ಲೆಕ್ಕ ಹುಟ್ಟಿದ್ದು ಹೀಗೆ. ಶರ್ವರಿ ಆ ಗಲ್ಲಿಯ ಕನ್ನಡ ಹೆಣ್ಣುಮಕ್ಕಳ ಹೈಸ್ಕೂಲಿನ ವಿಜ್ಞಾನ ಟೀಚರ್. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇನ್ನು ಮೂರು ವಾರ. ಗಲ್ಲಿಯುದ್ದಕ್ಕೂ ಸೌರಮಂಡಲ ಹರಡಬೇಕೆಂಬುದು ಅವಳ ಆಸೆ. ಶಾಲೆಯ ಗೇಟಿನಲ್ಲಿ ಒಂಬತ್ತು ಸೆಂಟಿಮೀಟರಿನ ಚೆಂಡು, ಅದೇ ಸೂರ್ಯ. ಅಲ್ಲಿಂದ ಹತ್ತು ಮೀಟರಿಗೆ ಭೂಮಿ. ಹಾಗೆ ಹಿಡಿದರೆ ಗುರು ಐವತ್ತೆರಡಕ್ಕೆ, ಶನಿ ತೊಂಬತ್ತಾರಕ್ಕೆ, ಎಲ್ಲಕ್ಕೂ ದೂರದ ನೆಪ್ಚೂನ್ ಮುನ್ನೂರು ಮೀಟರಿಗೆ. ಅಂದರೆ ಸರಿಯಾಗಿ ಗಲ್ಲಿಯ ಕೊನೆಗೆ, ಶಾಂತಪ್ಪನ ಹಿಟ್ಟಿನ ಗಿರಣಿಯ ಮುಂದೆ.

ಅಳತೆಗೆ ನೆರವಾಗಲು ಮಾದಾಪುರದ ಆಕಾಶ ವೀಕ್ಷಕರ ಬಳಗದಿಂದ ಒಬ್ಬರು ಬರುತ್ತಾರೆಂದು ಮುಖ್ಯೋಪಾಧ್ಯಾಯಿನಿ ಸುಹಾಸಿನಿ ಮೇಡಂ ಹೇಳಿದ್ದರು. ಬಂದವನೇ ಈ ಚಂದ್ರಹಾಸ. ಊರು ಕುಂದಾಪುರ, ಕೆಲಸ ಸಾಫ್ಟ್‌ವೇರು, ಚಟ ನಕ್ಷತ್ರ ಎಣಿಸುವುದು.

ಅಷ್ಟರಲ್ಲಿ ಒಂಬತ್ತನೇ ಕ್ಲಾಸಿನ ನಾಲ್ಕೈದು ಹುಡುಗಿಯರು ಓಡಿಬಂದು ಸುತ್ತ ನಿಂತರು.

"ಟೀಚರ್, ಯಾರದ್ರೀ ತಪ್ಪು?" ಕೇಳಿದ್ದು ಪೂರ್ವಿ. ತಪ್ಪಿನ ವಾಸನೆ ಬಂದರೆ ಮೊದಲು ಹಾಜರಾಗುವ ಹುಡುಗಿ.

ಚಂದ್ರಹಾಸ ಕೈಯಲ್ಲಿದ್ದ ಹಾಳೆಯನ್ನು ಮತ್ತೊಮ್ಮೆ ನೋಡಿದ. ಶರ್ವರಿಯನ್ನು ನೋಡಿದ. ಸುತ್ತ ನಿಂತ ಹುಡುಗಿಯರನ್ನು ನೋಡಿದ. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ.

"ತಪ್ಪು... ನಂದೇ. ಪುನಃ ಅಳೀತೇನೆ, ಆಯ್ತಾ?"

'ಇಷ್ಟು ಲಗೂನ ತಪ್ಪು ಒಪ್ಪಿಕೊಳ್ಳೋ ಗಂಡಸು ಇನ್ನೂ ಭೂಮಿ ಮ್ಯಾಲ ಅದಾನೇನು!' ಎಂದುಕೊಂಡಳು ಶರ್ವರಿ. ಸಿಟ್ಟು ಇಳಿಯಿತು. ಇಳಿದ ಜಾಗದಲ್ಲಿ ಇನ್ನೇನೋ ಹತ್ತಿ ಕೂತಿತು.

ಆಮೇಲಿನ ಸಂಜೆಗಳೆಲ್ಲ ಗ್ರಹಗಳ ಪಾಲಾದವು.

ಚಂದ್ರಹಾಸ ಮಾದಾಪುರದಿಂದ ಮೆಟ್ರೊ ಹಿಡಿದು ಆರಕ್ಕೆ ಬರುತ್ತಿದ್ದ. ಇಬ್ಬರೂ ಕೂತು ಕಾಳು ಆರಿಸುತ್ತಿದ್ದರು. ಯುರೇನಸ್, ನೆಪ್ಚೂನ್‌ಗೆ ಒಂದೊಂದು ಜೋಳದ ಕಾಳು. ಗುರುವಿಗೆ ಒಂದು ಕಡಲೆ. ಮಂಗಳಕ್ಕೆ ಒಂದು ರವೆಯ ಹರಳು. ಭೂಮಿಗೆ ಒಂದು ಗಸಗಸೆ. ಗಸಗಸೆ ಪಾಯಸ ಕುಡಿದವರಿಗೆ ಕಣ್ಣೆಳೆಯುತ್ತದಂತೆ. ಈ ಒಂದೇ ಒಂದು ಗಸಗಸೆ ಶರ್ವರಿಯ ನಿದ್ದೆಯನ್ನೇ ಹಾರಿಸಿತು!

ಪ್ರತಿ ಗ್ರಹವನ್ನೂ ಅದರ ಜಾಗದಲ್ಲಿರುವ ಅಂಗಡಿಯವರು ನೋಡಿಕೊಳ್ಳಬೇಕೆಂದು ತೀರ್ಮಾನವಾಗಿತ್ತು. ತೊಂದರೆ ಬಂದದ್ದು ಶನಿಯಿಂದ. ಯಾವಾಗಲೂ ಅವನಿಂದಲೇ ತಾನೆ ಬರುವುದು! ತೊಂಬತ್ತಾರನೇ ಮೀಟರಿನಲ್ಲಿದ್ದ ಟೇಲರ್, ಶನಿ ಬೇಡ, ಗುರುವಿದ್ದರೆ ಕೊಡಿ ಎಂದು ಎರಡೂ ಕೈ ಜೋಡಿಸಿಬಿಟ್ಟ.

"ಶನಿ ವದ್ದಮ್ಮಾ! ಗುರುಡು ಉಂಟೇ ಇವ್ವಂಡಿ!"

"ಗುರು ಆಗಲೇ ಬೇಕರಿಯವರ ಪಾಲಾಯ್ತು," ಎಂದ ಚಂದ್ರಹಾಸ, ಪೆಚ್ಚಾಗಿ. "ಶನಿಯನ್ನು... ಸರಿಸ್ಲಿಕ್ಕೆ ಯಾರಿಂದ ಆಗ್ತದೆ?"

ಶರ್ವರಿ ಗಂಟಲು ಸರಿಮಾಡಿಕೊಂಡಳು. ಮರುಕ್ಷಣ ಅವಳ ಬಾಯಿಂದ ಹೊರಟದ್ದು ಟಿವಿಯಲ್ಲಿ ಬೆಳಬೆಳಿಗ್ಗೆ ರಾಶಿಫಲ ಹೇಳುವ ಜ್ಯೋತಿಷಿಯ ಗಡಸು ತೆಲುಗು ದನಿ! ಇವನೊಬ್ಬನೇ ಉಂಗುರ ತೊಟ್ಟ ಗ್ರಹ, ಇವನು ಬಾಗಿಲಿಗೆ ಬಂದರೆ ಮದುವೆಯ ಬಟ್ಟೆಗಳೆಲ್ಲ ಹೊಲಿಯಲು ಇಲ್ಲಿಗೇ ಬರುತ್ತವೆ, ಎಂದು ಆ ದನಿ ಭವಿಷ್ಯ ನುಡಿಯಿತು. ಟೇಲರ್ ನಕ್ಕು ನಕ್ಕು, ಶನಿಗೆ ಮೆಟ್ಟಿಲ ಮೇಲೆ ಜಾಗ ಕೊಟ್ಟ.

ಚಂದ್ರಹಾಸ ಬೆರಗಾಗಿ ನಿಂತಿದ್ದ. "ನಿಮಗೆ ಎಷ್ಟು ದನಿ ಬರ್ತದೆ ಮಾರಾಯ್ರೆ?"

"ಎಣಿಸಿಲ್ರಿ."

ಮೆಟ್ರೊ ಘೋಷಣೆಯ ಹೆಣ್ಣುದನಿ, ಸುಹಾಸಿನಿ ಮೇಡಂರ ಮೂಗುದನಿ, ತರಕಾರಿ ಗಾಡಿಯ ಮೈಕು... ಎಲ್ಲ ಅವಳ ಗಂಟಲಲ್ಲಿ ಬಾಡಿಗೆಗಿದ್ದವು. ಒಂದೇ ತೊಂದರೆ. ಮನಸ್ಸಿನ ಮಾತು ಹೇಳಬೇಕಾದಾಗ ಸ್ವಂತ ದನಿ ಎಲ್ಲೋ ಅಡಗಿಕೊಳ್ಳುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಒಂದು ಸಂಜೆ ಅವನು ಹೊಸ ಲೆಕ್ಕ ತಂದ. "ನಮ್ಮ ಅಳತೆಯಲ್ಲಿ ಬೆಳಕು... ಸೆಕೆಂಡಿಗೆ ಎರಡೇ ಸೆಂಟಿಮೀಟರ್ ಹೋಗ್ತದೆ, ಗೊತ್ತುಂಟಾ?"

"ಇರುವಿ ಇದಕ್ಕಿಂತ ಜೋರ್ ಹೋಗತೈತಲ್ರಿ!"

"ಹೌದು. ಇಪ್ಪತ್ತೈದು ಸೆಕೆಂಡಿಗೆ ಅರ್ಧ ಮೀಟರಿನ ಒಂದು ಹೆಜ್ಜೆ. ಹಾಗೆ ನಡೆದ್ರೆ ಸೂರ್ಯನಿಂದ ನೆಪ್ಚೂನ್‌ಗೆ ನಾಲ್ಕು ಗಂಟೆ ಹತ್ತು ನಿಮಿಷ. ನಿಜವಾದ ಬೆಳಕಿಗೂ ಅಷ್ಟೇ ಹೊತ್ತು. ಮಕ್ಕಳು ಸರದಿಯಲ್ಲಿ ದೀಪ ಹಿಡಿದು ನಡೆದ್ರೆ..."

ಅವನು ಮಾತಿನ ಮಧ್ಯೆ ನಿಂತ. ಮುಂದಿನ ಶಬ್ದ ಬರುವ ತನಕ ಶರ್ವರಿ ಅವನ ಮುಖವನ್ನೇ ನೋಡುತ್ತ ಕಾದಳು. ಕಾಯುವುದು ತನಗೆ ಇಷ್ಟವಾಗುತ್ತಿದೆ ಎಂದು ಹೊಳೆದಾಗ ಮಾತ್ರ ಗಾಬರಿಯಾಯಿತು.

'ಅಯ್ಯ ಶರ್ವರಿ... ಗ್ರಹಚಾರ ಸುರು ಆತು ನಿಂದು!'

ಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು. ಶನಿವಾರ ಮಧ್ಯಾಹ್ನ, ಸ್ಟಾಫ್‌ರೂಮು. ಡಬ್ಬಿಗಳು ತೆರೆದಿದ್ದವು, ಚಟ್ನಿಪುಡಿ ಕೈಯಿಂದ ಕೈಗೆ ಓಡಾಡುತ್ತಿತ್ತು.

"ಯಾಕವಾ, ನಿನ್ನ ಕುಂದಾಪುರ ಇನ್ನೂ ಬಂದಿಲ್ಲೇನು?" ಗಣಿತದ ಹರ್ಷದಾ ಕಣ್ಣು ಹೊಡೆದಳು. "ಹೆಂಗ ಮಾತಾಡತಾನ, ಒಂದೀಟು ಮಾಡಿ ತೋರಿಸು."

'ಬ್ಯಾಡ' ಎಂದಿತು ಮನಸ್ಸು. ಆದರೆ ಆ ದನಿ ಮೂರು ವಾರದಿಂದ ಅವಳೊಳಗೇ ಓಡಾಡುತ್ತಿತ್ತು. ಅವನ ನೆನಪಾದಾಗಲೆಲ್ಲ ಅವನ ಮಾತನ್ನು ಒಬ್ಬಳೇ ಆಡಿಕೊಳ್ಳುತ್ತಿದ್ದಳು... ಬಾಯಿ ತಡೆಯಲಿಲ್ಲ. ಭುಜ ತುಸು ಬಗ್ಗಿಸಿ, ಇಲ್ಲದ ಟೇಪು ಹಿಡಿದು ನಿಂತಳು.

"ನೆಪ್ಚೂನು... ಸ್ವಲ್ಪ ಆಚೆ ಹೋಗಿದೆ ಮಾರಾಯ್ರೆ. ತಪ್ಪು... ನಂದೇ. ಕೊರಳಿಗೆ ಹಗ್ಗ ಹಾಕಿ... ಕರ್ಕೊಂಡು ಬರ್ತೇನೆ, ಆಯ್ತಾ?"

ರೂಮು ಬಿದ್ದು ಬಿದ್ದು ನಕ್ಕಿತು. ಹರ್ಷದಾಗೆ ಕೆಮ್ಮೇ ಹತ್ತಿತು. ಅವಳು ಕೆಮ್ಮುತ್ತಲೇ ಬಾಗಿಲ ಕಡೆ ಕೈ ತೋರಿಸಿದಳು.

ಚಂದ್ರಹಾಸ ಅಲ್ಲಿ ನಿಂತಿದ್ದ.

ನಗು ಒಂದೊಂದೇ ಬಾಯಿಯಲ್ಲಿ ಆರಿತು. ಅವನು ಒಳಗೆ ಬಂದ. ಕಾಳುಗಳ ಡಬ್ಬಿ, ಟೇಪು, ಒಂದು ಫೈಲು. ಎಲ್ಲವನ್ನೂ ಮೇಜಿನ ಮೇಲೆ ಸದ್ದಾಗದ ಹಾಗೆ ಇಟ್ಟ.

"ದನಿ... ಚಂದ ಬಂದಿದೆ," ಎಂದ. ಅಷ್ಟೇ. ತಿರುಗಿ ಹೋದ.

"ಚಂದ್ರಹಾಸ್ರಿ... ಅದು ಹಂಗಲ್ರಿ... ಒಂದ್ ನಿಮಿಷ!"

ಅವಳು ಗೇಟಿಗೆ ಬರುವಷ್ಟರಲ್ಲಿ ಅವನು ಗಲ್ಲಿಯ ಅರ್ಧ ದಾಟಿದ್ದ. ಫೋನು ರಿಂಗಾಯಿತು, ಎತ್ತಲಿಲ್ಲ. 'ಮಾತಾಡಬೇಕು' ಎಂದು ಕಳಿಸಿದ ಮೆಸೇಜನ್ನು ಓದಿದ, ಉತ್ತರಿಸಲಿಲ್ಲ.

ಸಂಜೆ ಪ್ರದರ್ಶನದ ಫಲಕಕ್ಕೆ ಅಂಟಿಸಲು ಫೈಲು ತೆರೆದಳು. ಒಳಗೆ ನಾಲ್ಕಾಗಿ ಮಡಚಿದ್ದ ಹಾಳೆ. ಮೊದಲ ಭಾನುವಾರ ಅವನು ಜೇಬಿಗಿಳಿಸಿದ ಹಾಳೆ!

ಅದು ಅವಳೇ ಟೈಪ್ ಮಾಡಿ ಕಳಿಸಿದ ಪಟ್ಟಿ. ಎರಡು ಸಾಲು ಅಂಕಿಗಳು: 'ಸೂರ್ಯನಿಂದ ದೂರ' ಒಂದು, 'ಹಿಂದಿನ ಗ್ರಹದಿಂದ ದೂರ' ಇನ್ನೊಂದು. ಅಂಕಿಗಳೆಲ್ಲ ಸರಿ ಇದ್ದವು. ತಲೆಬರಹಗಳು ಮಾತ್ರ ಅದಲುಬದಲಾಗಿದ್ದವು! ಅವಸರದಲ್ಲಿ ಅವಳೇ ಮಾಡಿದ ಎಡವಟ್ಟು. ಚಿಕ್ಕ ಟೇಪಿನಲ್ಲಿ ಒಂದು ಗ್ರಹದಿಂದ ಇನ್ನೊಂದಕ್ಕೆ ಅಳೆಯುತ್ತ ಹೋದ ಚಂದ್ರಹಾಸ, ಯುರೇನಸ್‌ನಿಂದ ಮುನ್ನೂರು ಮೀಟರಿಗೆ ನೆಪ್ಚೂನ್ ಎಂದು ನಂಬಿದ್ದ. ನಂಬದೆ ಏನು ಮಾಡಿಯಾನು? ಬರೆದಿದ್ದು ವಿಜ್ಞಾನದ ಟೀಚರು!

ಆ ಎರಡು ತಲೆಬರಹಗಳ ನಡುವೆ ಪೆನ್ಸಿಲಿನಲ್ಲಿ ಒಂದು ಸಣ್ಣ ಬಾಣದ ಗುರುತು. ಆವತ್ತೇ ಅವನಿಗೆ ಗೊತ್ತಾಗಿತ್ತು. ಮಕ್ಕಳೆದುರು ಅವಳ ತಲೆ ತಗ್ಗದಿರಲಿ ಎಂದು ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಿದ್ದ.

ಮತ್ತು ಅವಳು... ಅದೇ ಮಾತನ್ನು ಆಡಿ ತೋರಿಸಿ ನಗಿಸಿದ್ದಳು.

"ಇನ್ನೂ ಇಲ್ಲೇ ಅದಿಯೇನವಾ?" ಸುಹಾಸಿನಿ ಮೇಡಂ ಒಳಗೆ ಬಂದರು. "ಚಂದ್ರಹಾಸ ಫೋನ್ ಮಾಡಿದ್ದ. ನಾಳಿ ಹನ್ನೊಂದರ ತನಕ ನೆಪ್ಚೂನ್ ಹತ್ರ ನಿಂತು ಹೋಗತಾನಂತ. ಆಮ್ಯಾಲ ಅವನ ದೋಸ್ತ ಪವನ ಬರತಾನಂತ. ಎರಡು ಮಾತು ಭಾಷಣ ಮಾಡಪ್ಪಾ ಅಂತ ನಾ ಭಾಳ ಹೇಳಿದ್ದೆ. ಒಲ್ಲೆ ಅಂದ. ಪಾಪ, ಸಣ್ಣಂದಿನಿಂದ ತೊದಲು ಐತಂತಲ್ಲ. ಅದನ್ನ ಗೆದ್ದು, ತಡದು ತಡದು ಮಾತಾಡೋದು ಕಲ್ತಾನ. ನಿನಗ ಹೇಳಿರಬೇಕಲ್ಲ?"

ಶರ್ವರಿ ಅಂಟಿನ ಬಾಟಲಿ ಕೆಳಗಿಟ್ಟಳು.

ಆ ನಿಲುಗಡೆ... ಅದು ಅವನ ರೀತಿಯೆಂದುಕೊಂಡಿದ್ದಳಲ್ಲ! ಅದನ್ನೇ ಅಲ್ಲವೆ ಪ್ರೀತಿಯಿಂದ ಕಲಿತಿದ್ದು? ಅದನ್ನೇ ಅಲ್ಲವೆ ಹತ್ತು ಜನರ ಮುಂದೆ ಹರವಿದ್ದು?

'ನನ್ನ ನೋಡಿ ನಗಾಕತ್ತಿದ್ಲು ಅಂತ ತಿಳಕೊಂಡು ಹೋಗಿಬಿಡತಾರ... ಜೀವನ ಪೂರ್ತಿ ಹಂಗೇ ತಿಳಕೊಂಡಿರತಾರ...'

ಜಗತ್ತಿನ ಯಾರು ಬೇಕಾದರೂ ಅವಳನ್ನು ತಪ್ಪು ತಿಳಿಯಲಿ. ಈ ಒಬ್ಬ ಮಾತ್ರ ಬೇಡ!

ಭಾನುವಾರ ಎಂಟಕ್ಕೆ ಐದು ನಿಮಿಷ. ಗಲ್ಲಿ ಹಬ್ಬದ ಹಾಗಿತ್ತು. ಗೇಟಿನಲ್ಲಿ ಹಳದಿ ಸೂರ್ಯ, ಅದರ ಪಕ್ಕ ಲಾಟೀನು ಹಿಡಿದು ಸಾಲಾಗಿ ನಿಂತ ಹುಡುಗಿಯರು. ದೂರದ ಗಿರಣಿಯ ಮುಂದೆ ಒಂದು ನೀಲಿ ಅಂಗಿ. ಅವನು ಮುಖ್ಯರಸ್ತೆಯ ಕಡೆಯಿಂದಲೇ ಬಂದು ಅಲ್ಲೇ ನಿಂತಿದ್ದ.

"ಲಾಟೀನು ನನ್ನ ಕೈಯಾಗ ಕೊಡ್ರಿ," ಎಂದಳು ಶರ್ವರಿ. "ಪೂರ್ತಿ ನಾನೇ ನಡೀತೀನಿ."

"ಹುಚ್ಚೇನು ನಿನಗ?" ಹರ್ಷದಾ ಬದಿಗೆಳೆದಳು. "ನಾಲ್ಕು ತಾಸು! ಮಾತಾಡೂದಿದ್ರ ಈಗ ಹೋಗು. ನಾಲ್ಕು ನಿಮಿಷದ ದಾರಿ."

"ನಾಲ್ಕು ನಿಮಿಷದಾಗ ಹೋದ್ರ ಯಾರದೋ ದನಿಯೊಳಗ ಸಾರಿ ಅಂತೀನಿ. ನನ್ನ ಮಾತು ಇನ್ನೂ ತಯಾರಾಗಿಲ್ಲ, ಹರ್ಷದಾ. ನನಗ ಹೊತ್ತು ಬೇಕು. ಸೂರ್ಯನ ಹತ್ರ ನೀ ನಿಂದರು."

ಪೂರ್ವಿ ಸ್ಟಾಪ್‌ವಾಚ್ ಒತ್ತಿದಳು. "ಬೆಳಕು ಹೊರಟಿತ್ರೀ!"

ಇಪ್ಪತ್ತೈದು ಸೆಕೆಂಡಿಗೆ ಒಂದು ಹೆಜ್ಜೆ. ಮತ್ತೆ ಇಪ್ಪತ್ತೈದು. ಮತ್ತೊಂದು.

ಎಂಟು ನಿಮಿಷಕ್ಕೆ ಗಸಗಸೆಯ ಭೂಮಿ ಬಂತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಆಮೇಲೆ ಚಪ್ಪಾಳೆ ತೆಳುವಾಯಿತು, ದೂರಗಳು ದಪ್ಪವಾದವು. ಆಟೊದವನೊಬ್ಬ ಪಕ್ಕದಲ್ಲೇ ನಿಲ್ಲಿಸಿ, ಇಷ್ಟು ನಿಧಾನ ಯಾಕೆ, ಕಾಲು ಉಳುಕಿತೇ ಎಂದು ಮರುಗಿದ:

"ಕಾಯ್ಕು ಇತ್ನಾ ಆಹಿಸ್ತಾ ಚಲ್‌ರೇ ಮೇಡಂ? ಪಾಂವ್ ಮೇಂ ಮೋಚ್ ಆಯಾ ಕ್ಯಾ?"

"ಇವರು ಬೆಳಕು ಭಯ್ಯಾ! ಬೆಳಕು ಓಡಂಗಿಲ್ಲ!" ಪೂರ್ವಿ ಬೈದು ಕಳಿಸಿದಳು.

ಹೆಜ್ಜೆಗಳ ನಡುವೆ ಶರ್ವರಿ ಕ್ಷಮೆಯನ್ನು ಅಭ್ಯಾಸ ಮಾಡುತ್ತಿದ್ದಳು. ಮೊದಲು ಸುಹಾಸಿನಿ ಮೇಡಂರ ದನಿ ಬಂತು; ನೋಟಿಸ್ ಓದಿದ ಹಾಗಿತ್ತು, ಕಳಿಸಿಬಿಟ್ಟಳು. ಮೆಟ್ರೊ ಹುಡುಗಿ ಬಂದು 'ಮುಂದಿನ ನಿಲ್ದಾಣ, ಕ್ಷಮೆ' ಎಂದಳು, ಅವಳನ್ನೂ ಇಳಿಸಿದಳು. ಜ್ಯೋತಿಷಿ ಶನಿಯ ಮೆಟ್ಟಿಲಲ್ಲೇ ಕೂತ. ಯುರೇನಸ್ ಬರುವ ಹೊತ್ತಿಗೆ ಹತ್ತೂ ನಲವತ್ತು. ಒಳಗೆ ಯಾರೂ ಉಳಿದಿರಲಿಲ್ಲ. ಬರೀ ಬಿಸಿಲು, ನೋಯುವ ಹಿಮ್ಮಡಿ, ಮತ್ತು ದೂರದ ನೀಲಿ ಅಂಗಿ.

ಹನ್ನೊಂದು ಗಂಟೆ.

ಗಿರಣಿಯ ಮುಂದೆ ಇನ್ನೊಬ್ಬ ಯುವಕ ಬಂದು ನಿಂತ. ಪವನನಿರಬೇಕು. ನೀಲಿ ಅಂಗಿ ಬ್ಯಾಗು ಹೆಗಲಿಗೇರಿಸಿತು. ಒಮ್ಮೆ ಗಲ್ಲಿಯತ್ತ ನೋಡಿತು... ಮೂಲೆ ತಿರುಗಿ ಮರೆಯಾಯಿತು.

'ಅಯ್ಯೋ, ನಿಲ್ರೀ!'

ಇನ್ನು ಎಂಬತ್ತೇ ನಾಲ್ಕು ಮೀಟರ್! ಓಡಿದರೆ ಅರ್ಧ ನಿಮಿಷ! ಹಿಂದೆ ನಲವತ್ತು ಹುಡುಗಿಯರು ಉಸಿರು ಬಿಗಿಹಿಡಿದು ಎಣಿಸುತ್ತಿದ್ದರು: ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು... ಬೆಳಕಿಗಿಂತ ಬೇಗ ಹೋಗಲು ಜಗತ್ತಿನಲ್ಲಿ ಯಾವುದಕ್ಕೂ ಸಾಧ್ಯವಿಲ್ಲ ಎಂದು ಆ ಮಕ್ಕಳಿಗೆ ಪಾಠ ಮಾಡಿದವಳು ಅವಳೇ.

ಕಣ್ಣು ತುಂಬಿ ಗಲ್ಲಿ ಕಲಸಿಹೋಯಿತು. ಆದರೂ ನಡೆದಳು. ಹೋದವನು ಹೋದ. ಹೇಳಬೇಕಾದ ಮಾತು ಮಾತ್ರ ಈಗ ತಯಾರಾಗಿತ್ತು. ಅದನ್ನು ಅವನು ನಿಂತಿದ್ದ ಜಾಗಕ್ಕಾದರೂ ಹೇಳಿ ಬರಬೇಕಿತ್ತು. ಹೆಜ್ಜೆ. ಇಪ್ಪತ್ತೈದು. ಹೆಜ್ಜೆ. ತಲೆ ತಗ್ಗಿಸಿ, ನೆಲವನ್ನಷ್ಟೇ ನೋಡುತ್ತ.

"ಟೀಚರ್, ಹನ್ನೆರಡೂ ಹತ್ತು! ಮುಟ್ಟಿದ್ರೀ!"

ಮುಂದೆ ಒಂದು ಸ್ಟೂಲು ಬಂತು. ಹಿಟ್ಟು ಮೆತ್ತಿದ ಗಿರಣಿಯ ಸ್ಟೂಲು. ಅದರ ಹಿಂದೆ ನೀರಿನ ಬಾಟಲಿ. ಬಾಟಲಿಯ ಹಿಂದೆ ನೀಲಿ ತೋಳು.

"ಕೂತ್ಕೊಳ್ಳಿ ಮೊದಲು."

ಶರ್ವರಿ ತಲೆಯೆತ್ತಿದಳು. "ನೀವು... ಹೋದ್ರಲ್ಲ!"

"ಮೆಟ್ರೊ ತನಕ ಹೋದೆ. ಮಕ್ಕಳು ಸರದಿಯಲ್ಲಿ ಬರ್ಬೇಕಿತ್ತು... ಮೂರು ಗಂಟೆ ಹೊತ್ತಿಂದ ನೀವೊಬ್ಬರೇ ಬರ್ತಾ ಇದ್ದೀರಲ್ಲ, ಎಂತಕ್ಕೆ ಅಂತ ಹೊಳೀಲಿಲ್ಲ. ಹೊಳೆದಾಗ ಮೆಟ್ಟಿಲಿಂದ್ಲೇ ವಾಪಸ್ ಬಂದೆ."

ಅವಳು ಕೂರಲಿಲ್ಲ.

"ಪಟ್ಟಿ ತಪ್ಪು ಬರದಾಕಿ ನಾನು. ನಿಮ್ಮ ತಲಿ ಮ್ಯಾಲ ಹಾಕ್ಕೊಂಡ್ರಿ. ಅದೊಂದು ತಪ್ಪು ನಂದು. ನೀವು ಮಾತಿನ ನಡುವ ನಿಲ್ಲೋದು ತೊದಲಂತ ನನಗ ಗೊತ್ತಿರಲಿಲ್ರಿ. ಗೊತ್ತಿರಲಿಲ್ಲ ಅಂದ್ರೂ, ನಾಲ್ಕು ಮಂದಿ ಮುಂದ ಮಾಡಿ ತೋರಿಸಬಾರದಿತ್ತು. ಇದು ಎರಡನೇದು."

ದನಿ ಒರಟಾಗಿತ್ತು, ಬಾಯಾರಿತ್ತು. ಯಾರದೂ ಅಲ್ಲದ, ಅವಳದೇ ದನಿ.

"ಸುಳ್ಳು ಹೇಳಂಗಿಲ್ಲ. ನೀವಿಲ್ಲದಾಗ ನಿಮ್ಮ ಮಾತು ನಾ ಒಬ್ಬಾಕೀನೇ ಆಡಿಕೋತೀನಿ. ನೀವು ಹತ್ರ ಇದ್ದಂಗಾಗತೈತಿ. ಯಾರ ಸಲುವಾಗೂ ಒಂದ್ ಗಳಿಗಿ ಸುಮ್ಮನ ಕುಂದ್ರದಾಕಿ, ನಿಮ್ಮ ಮುಂದಿನ ಶಬ್ದಕ್ಕ ಕಾಯತೀನಿ. ನನಗ ನಿಮ್ಮ ಮ್ಯಾಲ ಭಾಳ ಮನಸಾಗೈತ್ರಿ."

ಗಿರಣಿಯ ಶಾಂತಪ್ಪ ಮೆಲ್ಲಗೆ ಮಷಿನ್ ಬಂದ್ ಮಾಡಿದ.

ಚಂದ್ರಹಾಸ ಅವಳ ಕೈಯಿಂದ ಲಾಟೀನು ತೆಗೆದು ನೆಲಕ್ಕಿಟ್ಟ. "ಶಾಲೆಯಲ್ಲಿ ದಿನಕ್ಕೊಬ್ಬ ನನ್ನನ್ನು ಮಾಡಿ ತೋರಿಸ್ತಿದ್ದ. ಅದು ಅಭ್ಯಾಸ ಆಗಿದೆ. ನಿಮ್ಮಿಂದ ಮಾತ್ರ... ತಡೀಲಿಕ್ಕೆ ಆಗಲಿಲ್ಲ. ಅಷ್ಟು ನೋವು ಎಂತಕ್ಕೆ ಅಂತ ರಾತ್ರಿಯಿಡೀ ಕೇಳಿಕೊಂಡೆ. ಉತ್ತರ ಒಂದೇ."

"ಏನದು?"

"ನಿ... ನಿ..."

ಶಬ್ದ ಸಿಕ್ಕಿಕೊಂಡಿತು. ಈ ಸಲ ಅವನು ಅದನ್ನು ಮೌನದಲ್ಲಿ ಮುಚ್ಚಲಿಲ್ಲ. ಪೂರ್ವಿ ತುಟಿ ತೆರೆದಳು. ಶರ್ವರಿ ಕಣ್ಣಲ್ಲೇ ತಡೆದಳು. ಅವನ ಪಾಲಿನ ಮಾತನ್ನು ಯಾರೂ ಆಡಬೇಕಿರಲಿಲ್ಲ.

"...ನಿಮ್ಮನ್ನು ಇಷ್ಟಪಟ್ಟಿದ್ದೇನೆ. ಯುರೇನಸ್ ಮೇಲೆ ಗಾಡಿ ಹತ್ತಿಸಿದ ದಿನದಿಂದ."

ಹುಡುಗಿಯರ ಕಿರುಚಾಟಕ್ಕೆ ಕರೆಂಟಿನ ತಂತಿಯ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಶರ್ವರಿ ಈಗ ಸ್ಟೂಲಿನ ಮೇಲೆ ಕುಸಿದಳು. ಕಾಲು ನೋವಿಗೋ, ನಾಚಿಕೆಗೋ, ಅವಳಿಗೇ ತಿಳಿಯಲಿಲ್ಲ.

ಅವನು ಬಾಟಲಿಯ ಮುಚ್ಚಳ ತೆಗೆದುಕೊಟ್ಟು, ಪಕ್ಕದಲ್ಲೇ ನೆಲದ ಮೇಲೆ ಕೂತ.

"ಮನೆಯಲ್ಲಿ ಎಂತ ಹೇಳ್ತಾರೆ?"

"ಅಪ್ಪಾ ಏನೂ ಅನ್ನಂಗಿಲ್ಲ. ಅವ್ವ ಒಂದೇ ಮಾತು ಕೇಳತಾಳ. ದಿನಾ ಅನ್ನ ಉಣ್ಣೋ ಊರಾವ, ನಮ್ಮನಿಯೊಳಗ ಬಡಿಯೋ ಜೋಳದ ರೊಟ್ಟಿ ಹೆಂಗ ತಿಂತಾನ ಅಂತ."

"ಕಲೀತೇನೆ ಅಂತ ಹೇಳಿ."

"ತಿನ್ನೂದೇನ್ ಕಲಿಯೂದೈತ್ರಿ ಅದರೊಳಗ?" ಶರ್ವರಿ ನಕ್ಕಳು.

"ತಿನ್ನುದಲ್ಲ ಮಾರಾಯ್ರೆ. ಬ... ಬ..."

ಅವಳು ನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡು, ಗದ್ದಕ್ಕೆ ಕೈಕೊಟ್ಟು, ಕಾದಳು. ಅವಸರವೇನೂ ಇರಲಿಲ್ಲ.

"...ಬಡೀಲಿಕ್ಕೆ."